ಹದಿನೇಳು ಮತ್ತು ಮೂವತ್ತೊಂದು

ಅದೇ ಪೆಟ್ಟಿಗೆಯೇ ಇದು? ಇರಲಾರದು. ಆಸ್ಪತ್ರೆಯವರು ಕೊಳ್ಳುವಾಗ ಒಂದೇ ಥರದ ಕಂಪ್ಯೂಟರುಗಳನ್ನು ನೂರಾರು ಕೊಂಡಿರುತ್ತಾರೆ. ಎಲ್ಲದಕ್ಕೂ ಒಂದೇ ಬೂದು ಬಣ್ಣ, ಒತ್ತಿ ಒತ್ತಿ ಸವೆದ ಒಂದೇ ಗುಂಡಿ. ಮೀನಿನ ಚಿತ್ರದ ಅಂಟುಚೀಟಿಯನ್ನೂ ಯಾರು ಬೇಕಾದರೂ ಅಂಟಿಸಿರಬಹುದು. ಮಕ್ಕಳ ವಾರ್ಡಿನಲ್ಲಂತೂ ಗೋಡೆ ತುಂಬ ಮೀನುಗಳೇ. ಆದರೆ ಈ ಮೀನಿಗೆ ಬಾಲವಿಲ್ಲ. ಬಾಲವಿದ್ದ ಕಡೆ ಅಂಟು ಮಾತ್ರ ಉಳಿದು, ಅದರ ಮೇಲೆ ವರ್ಷಗಟ್ಟಲೆ ಧೂಳು ಕೂತು, ಕಪ್ಪು ಬಾಲವೊಂದು ತಾನಾಗಿ ಮೂಡಿದಂತಿದೆ. ಆ ಬಾಲವನ್ನು ಉಗುರಿನಿಂದ ಕೆರೆದು ಕಿತ್ತದ್ದು ತನ್ನ ತೊಡೆಯ ಮೇಲೆ ಕೂತಿದ್ದ ಒಂದೂವರೆ ವರ್ಷದ ಮಗಳಲ್ಲವೇ? ಯಾರಾದರೂ ನೋಡಿಯಾರೆಂದು ಆ ಚೂರನ್ನು ಜೇಬಿಗೆ ಹಾಕಿಕೊಂಡದ್ದು ತಾನೇ ಅಲ್ಲವೇ? ಅಥವಾ ಅದು ಬೇರೆ ಕೋಣೆ, ಬೇರೆ ಮೀನೋ?

ಸ್ಕ್ರೂಡ್ರೈವರ್ ಹಿಡಿದು ಅವನು ನಿಂತೇ ಇದ್ದ.

"ಏನೋ ಸೊನ್ನೆ, ಮೀನಿಗೆ ಗಾಳ ಹಾಕ್ತಾ ಇದೀಯಾ?" ಆಚೆ ಮೇಜಿನಿಂದ ಸುತ್ತಿಗೆ ಕೇಳಿದ.

"ಸ್ಕ್ರೂ ಬಿಗಿಯಾಗಿದೆ."

"ಬಿಗಿಯಾಗಿದ್ರೆ ನನಗೆ ಕೊಡು. ನನ್ನ ಹತ್ರ ಯಾವ ಸ್ಕ್ರೂನೂ ಬಹಳ ಹೊತ್ತು ನಖರಾ ಮಾಡಲ್ಲ."

ಹಳೆಯ ಕಂಪ್ಯೂಟರುಗಳ ಡಿಸ್ಕುಗಳಲ್ಲಿ ಇರುವುದನ್ನು ಮತ್ತೆ ಯಾರೂ ಹೊರತೆಗೆಯಲಾಗದಂತೆ ಅಳಿಸಿಕೊಡುವುದು ಆ ಷೆಡ್ಡಿನ ಕೆಲಸ. ಬ್ಯಾಂಕು, ಆಸ್ಪತ್ರೆ, ವಕೀಲರ ಕಚೇರಿ, ಎಲ್ಲೆಲ್ಲಿಂದಲೋ ಪೆಟ್ಟಿಗೆಗಳು ಬರುತ್ತಿದ್ದವು. ಅವನು ಡಿಸ್ಕುಗಳನ್ನು ಬಿಚ್ಚಿ, ಮೊದಲ ತುದಿಯಿಂದ ಕೊನೆಯ ತುದಿಯವರೆಗೆ ಮೂರು ಸಲ ಸೊನ್ನೆ ಬರೆಸುತ್ತಿದ್ದ. ಹಾಗಾಗಿ ಅವನ ಹೆಸರು ಸೊನ್ನೆ. ಕೆಟ್ಟು ನಿಂತು, ಬರೆಸಿಕೊಳ್ಳಲು ಒಪ್ಪದ ಡಿಸ್ಕುಗಳನ್ನು ಯಂತ್ರಕ್ಕೆ ಹಾಕಿ ಪುಡಿ ಮಾಡುವವನು ಸುತ್ತಿಗೆ. ಗೋಡೆಯ ಮೇಲಿನ ಫಲಕದಲ್ಲಿ ಎರಡು ನಿಯಮ ಅಚ್ಚಾಗಿದ್ದವು: ಒಳಗೆ ನೋಡಬಾರದು, ನಕಲು ಮಾಡಬಾರದು. ಅದರ ಕೆಳಗೆ ಸುತ್ತಿಗೆ ಮಾರ್ಕರಿನಲ್ಲಿ ಮೂರನೆಯದನ್ನು ಸೇರಿಸಿದ್ದ: ನೆನಪಿಟ್ಟುಕೊಳ್ಳಬಾರದು. ಮೇಲ್ವಿಚಾರಕಿ ಎರಡು ಸಲ ಒರೆಸಿಸಿ, ಮೂರನೆಯ ಸಲ ನಕ್ಕು ಸುಮ್ಮನಾಗಿದ್ದಳು.

ಅವನು ಡಿಸ್ಕು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡ. ಒಂದು ಸೋಪಿನಷ್ಟು ಭಾರ. ಬೆನ್ನ ಮೇಲಿನ ಚೀಟಿಯಲ್ಲಿ ಯಾರದೋ ಅವಸರದ ಬರಹ: ಮಾತಿನ ಚಿಕಿತ್ಸೆ, ಕೋಣೆ ಒಂಬತ್ತು.

ಹಾಗಾದರೆ ಅದೇ.

ಹೆಂಡತಿಯ ಗಂಟಲಿನಿಂದ ಧ್ವನಿಪೆಟ್ಟಿಗೆಯನ್ನು ತೆಗೆಯುವ ಮುಂಚಿನ ವಾರ ಒಂಬತ್ತನೆಯ ಕೋಣೆಗೆ ಕಳಿಸಿದ್ದರು. ಗಾಜಿನ ಗೂಡಿನೊಳಗೆ ಮೈಕಿನ ಮುಂದೆ ಅವಳು, ಹೊರಗೆ ಈ ಕಂಪ್ಯೂಟರಿನ ಮುಂದೆ ತಂತ್ರಜ್ಞೆ, ಪಕ್ಕದ ಸ್ಟೂಲಿನಲ್ಲಿ ಮಗುವನ್ನು ಎತ್ತಿಕೊಂಡು ಅವನು. ಎಲ್ಲ ಅಕ್ಷರಗಳ ಸದ್ದೂ ಬರುವಂತೆ ಯಾರೋ ಕೂತು ಹೊಂದಿಸಿದ ಒಂದು ಪುಟವನ್ನು ಅವಳು ಓದಬೇಕಿತ್ತು. ಕಿವಿಗೆ ಹೆಡ್‌ಫೋನು ಇದ್ದದ್ದು ತಂತ್ರಜ್ಞೆಗೆ ಮಾತ್ರ. ಅವನಿಗೆ ಕಂಡದ್ದು ಗಾಜಿನಾಚೆ ಅಲುಗುವ ತುಟಿ, ಪುಟದ ಮೇಲೆ ಸರಿಯುವ ಬೆರಳು, ಅಷ್ಟೆ. ಹೊರಗೆ ಬಂದ ಮೇಲೆ ಅವಳು ಹೇಳಿದ್ದಳು: "ಆ ಅಜ್ಜ ಛತ್ರಿ ಹಿಡ್ಕೊಂಡು ಎಲ್ಲಿಗೆ ಹೋದ ಅಂತ ಕೊನೆಗೂ ಹೇಳೋದೇ ಇಲ್ಲ ಕಣ್ರೀ."

ಅವಳ ಧ್ವನಿ ಮತ್ತೆಲ್ಲೂ ಉಳಿದಿರಲಿಲ್ಲ. ಆಗಿನ ಫೋನು ಆಸ್ಪತ್ರೆಯ ಓಡಾಟದಲ್ಲಿ ಕಳೆದುಹೋಯಿತು. ಬೇರೆಯವರ ಬಳಿ ಇದ್ದ ಮೂರು ವಿಡಿಯೋಗಳಲ್ಲಿ ಮಾತಾಡಿದವನು ಅವನೇ: "ಇಲ್ಲಿ ನೋಡು, ನಗು, ಮಗು ಮುಖ ಈ ಕಡೆ ತಿರುಗಿಸು." ಅವಳು ಹೇಳಿದ್ದನ್ನೆಲ್ಲ ಮಾಡಿದ್ದಳು. ಮಾತಾಡಿರಲಿಲ್ಲ.

ಎರಡು ವರ್ಷದ ಹಿಂದೆ ಅವಳೇ ಆಸ್ಪತ್ರೆಗೆ ಪತ್ರ ಬರೆದು ಕೇಳಿದ್ದಳು. ಹಳೆಯ ಧ್ವನಿಮುದ್ರಣಗಳನ್ನು ಅಳಿಸಲಾಗಿದೆ ಎಂದು ಎರಡು ಸಾಲಿನ ಉತ್ತರ ಬಂತು. ಅವಳು ಅದನ್ನು ಮಡಿಸಿ ಡ್ರಾಯರಿನಲ್ಲಿಟ್ಟಳು. ಅಳಿಸುವುದೆಂದರೆ ಏನೆಂದು ಅವನಿಗೆ ಗೊತ್ತಿತ್ತು. ಜನ ಅಳಿಸುವುದು ಪುಸ್ತಕದ ಮೊದಲ ಪುಟದ ಪಟ್ಟಿಯಲ್ಲಿ ಒಂದು ಹೆಸರಿನ ಮೇಲೆ ಗೆರೆ ಎಳೆದಂತೆ. ಒಳಗಿನ ಪುಟ ಎಲ್ಲಿಗೂ ಹೋಗಿರುವುದಿಲ್ಲ. ಈ ಕೆಲಸಕ್ಕೆ ಬರುವ ಮುಂಚೆ ಹತ್ತು ವರ್ಷ ಅವನು ಅಂಥ ಪುಟಗಳನ್ನು ಹುಡುಕಿ ತೆಗೆದುಕೊಡುವ ಅಂಗಡಿಯಲ್ಲಿದ್ದ. ಆದರೂ ಆ ದಿನ ಅವನು ಅವಳಿಗೆ ಏನೂ ಹೇಳಲಿಲ್ಲ. ಯಾವ ಕಂಪ್ಯೂಟರೋ, ಎಲ್ಲಿದೆಯೋ, ಸುಮ್ಮನೆ ಯಾಕೆ ಆಸೆ ಹುಟ್ಟಿಸುವುದು ಎಂದುಕೊಂಡ.

ಈಗ ಅದು ಅಂಗೈಯಲ್ಲಿತ್ತು. ಮೊದಲು ಇದನ್ನು ಪಕ್ಕಕ್ಕಿಡಬೇಕು. ದೋಷವಿದೆ ಎಂದು ಕೆಂಪು ಚೀಟಿ ಕಟ್ಟಬೇಕು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ...

"ಸೊನ್ನೆ, ಕಾಫಿಗೆ ಬರ್ತೀಯೋ, ಇಲ್ಲೇ ಬೇರು ಬಿಡ್ತೀಯೋ?"

"ಬಂದೆ, ನಡಿ."

ಅವನು ತಿರುಗಿದ. ತಿರುಗುವಾಗ ಅವನ ಬಲಗೈ ದಿನಕ್ಕೆ ಅರವತ್ತು ಸಲ ಮಾಡುವುದನ್ನೇ ಅರವತ್ತೊಂದನೆಯ ಸಲ ಮಾಡಿತು: ಡಿಸ್ಕನ್ನು ಸೊನ್ನೆ ಬರೆಯುವ ಯಂತ್ರದ ಖಾಲಿ ಗೂಡಿಗೆ ತಳ್ಳಿ, ಹೆಬ್ಬೆರಳಿನಿಂದ ಚಿಲಕ ಒತ್ತಿತು. ಟಿಕ್ ಎಂದಿತು. ಹಸಿರು ದೀಪ ಹತ್ತಿಕೊಂಡಿತು.

ಚಿಲಕ ಬಿದ್ದ ಕೂಡಲೇ ಬರೆಯಲು ಶುರುವಾಗಲಿ ಎಂದು ಐದು ವರ್ಷದ ಹಿಂದೆ ಆ ಯಂತ್ರವನ್ನು ಸಜ್ಜುಗೊಳಿಸಿದವನು ಅವನೇ. ಮನುಷ್ಯರಿಗೆ ಯೋಚಿಸಲು ಬಿಡುವು ಕೊಡಬಾರದು, ಕೊಟ್ಟರೆ ಒಳಗೆ ಇಣುಕುತ್ತಾರೆ ಎಂದು ಮೇಲ್ವಿಚಾರಕಿಗೆ ವಿವರಿಸಿದ್ದ. ಅವಳು ಹೊಗಳಿದ್ದಳು.

ಅವನಿಗೆ ಅರಿವಾಗಿ, ಹಿಂದಿರುಗಿ, ಡಿಸ್ಕನ್ನು ಎಳೆಯುವ ಹೊತ್ತಿಗೆ ಅರ್ಧ ನಿಮಿಷಕ್ಕಿಂತ ಹೆಚ್ಚಾಗಿತ್ತು. ನೂರರಲ್ಲಿ ಒಂದು ಪಾಲೂ ಆಗಿರಲಿಲ್ಲ. ಆದರೆ ಮೊದಲ ಪಾಲು ಹೋಗಿತ್ತು. ಹೆಸರುಗಳ ಪಟ್ಟಿ ಇರುವುದು ಮೊದಲಲ್ಲಿ.

ಸುತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಏನಾಯ್ತೋ? ದೆವ್ವ ಕಂಡವನ ಹಾಗೆ ಬಿಳಿಚ್ಕೊಂಡಿದೀಯ?"

"ತಲೆ ಸುತ್ತಿತು. ಬೆಳಿಗ್ಗೆ ಏನೂ ತಿಂದಿಲ್ಲ."

"ಮನೇಲಿ ಜಗಳ ಆಡಿದ್ರೆ ತಿಂದು ಆಡ್ಬೇಕಪ್ಪ. ಖಾಲಿ ಹೊಟ್ಟೇಲಿ ಗೆಲ್ಲೋಕಾಗಲ್ಲ."

ಮೂರು ಮಧ್ಯಾಹ್ನ ಅವನು ಊಟಕ್ಕೆ ಏಳಲಿಲ್ಲ. ಕೆಂಪು ಚೀಟಿ ಕಟ್ಟಿದ ಡಿಸ್ಕನ್ನು ಪರೀಕ್ಷೆಯ ಮೇಜಿನ ಕಂಪ್ಯೂಟರಿಗೆ ಜೋಡಿಸಿ, ಅಂಗಡಿಯ ದಿನಗಳ ವಿದ್ಯೆಯನ್ನು ಮತ್ತೆ ಕೈಗೆತ್ತಿಕೊಂಡ. ಪಟ್ಟಿ ಇಲ್ಲದೆಯೂ ಹುಡುಕಬಹುದು. ಪ್ರತಿಯೊಂದು ಧ್ವನಿಮುದ್ರಣದ ತಲೆಯಲ್ಲೂ ಒಂದೇ ಗುರುತು ಇರುತ್ತದೆ. ಆ ಗುರುತು ಎಲ್ಲೆಲ್ಲಿದೆಯೋ ಅಲ್ಲಲ್ಲಿಂದ ಕತ್ತರಿಸಿ ತೆಗೆಯುತ್ತ ಹೋಗಬೇಕು. ಆದರೆ ಸಿಕ್ಕಿದ್ದಕ್ಕೆ ಹೆಸರಿರುವುದಿಲ್ಲ, ದಿನಾಂಕವಿರುವುದಿಲ್ಲ. ಸಿಕ್ಕ ಕ್ರಮದಲ್ಲಿ ಒಂದು, ಎರಡು ಎಂದು ಸಂಖ್ಯೆ ಕೊಡಬೇಕು ಅಷ್ಟೆ.

ನೂರ ಹನ್ನೆರಡು ಸಿಕ್ಕವು.

ಅವನು ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಸಿಕ್ಕಿಸಿಕೊಂಡು, ಇನ್ನೊಂದನ್ನು ಬಾಗಿಲ ಕಡೆಗೆ ಬಿಟ್ಟುಕೊಂಡು ಕೂತ. ಏನೂ ಕಷ್ಟವಾಗಲಾರದು ಎಂದುಕೊಂಡಿದ್ದ. ಮೊದಲ ಶಬ್ದಕ್ಕೇ ಗೊತ್ತಾಗುತ್ತದೆ. ಹನ್ನೊಂದು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವಳು. ಕತ್ತಲೆಯಲ್ಲಿ ಅವಳ ಉಸಿರಿನಿಂದಲೇ ಎಚ್ಚರವಿದ್ದಾಳೋ ನಿದ್ದೆಯಲ್ಲಿದ್ದಾಳೋ ಎಂದು ಅವನಿಗೆ ತಿಳಿಯುತ್ತಿತ್ತು.

"ಬೆಳಿಗ್ಗೆ ಗಾಳಿ ತಣ್ಣಗಿತ್ತು. ಅಜ್ಜ ಛತ್ರಿ ಹಿಡಿದು ಸೇತುವೆ ದಾಟಿದ. ಅವನ ಹಿಂದೆ ಕಪ್ಪು ನಾಯಿಯೊಂದು ಓಡಿಬಂತು."

ಗಂಡಸರನ್ನು ಬಿಟ್ಟ. ವಯಸ್ಸಾದವರನ್ನು ಬಿಟ್ಟ. ಮಕ್ಕಳು ಇಬ್ಬರಿದ್ದರು, ಅವರನ್ನು ಪೂರ್ತಿ ಕೇಳದೆ ಬಿಟ್ಟ. ಉಳಿದ ಹೆಂಗಸರೆಲ್ಲ ಒಂದೇ ಅಜ್ಜನನ್ನು ಅದೇ ಸೇತುವೆ ದಾಟಿಸುತ್ತಿದ್ದರು. ಒಬ್ಬಳು ನಾಯಿಯ ಹತ್ತಿರ ಬಂದು ಅತ್ತಳು. ಒಬ್ಬಳು ಮಧ್ಯದಲ್ಲಿ ನಿಲ್ಲಿಸಿ, "ತಪ್ಪಾಯ್ತು, ಮತ್ತೆ ಓದ್ಲಾ?" ಎಂದು ಕೇಳಿದಳು. ಎಲ್ಲರ ಗಂಟಲೂ ರೋಗದಿಂದ ಒಡೆದಿತ್ತು, ಎಲ್ಲರೂ ಮೇಷ್ಟರ ಮುಂದೆ ನಿಂತ ಮಕ್ಕಳಂತೆ ಬಿಡಿಸಿ ಬಿಡಿಸಿ ಓದುತ್ತಿದ್ದರು. ಆ ಥರ ಯಾರೂ ಮನೆಯಲ್ಲಿ ಮಾತಾಡುವುದಿಲ್ಲ. ಇವಳೇ ಎಂದು ಅನ್ನಿಸಿದವಳು ಮುಂದಿನ ವಾಕ್ಯದಲ್ಲಿ ಯಾರೋ ಆಗುತ್ತಿದ್ದಳು.

ಮೂರನೆಯ ದಿನಕ್ಕೆ ಎರಡು ಉಳಿದವು. ಹದಿನೇಳು ಮತ್ತು ಮೂವತ್ತೊಂದು. ಹದಿನೇಳರವಳು ಛತ್ರಿಗೆ ಮುಂಚೆ ಸಣ್ಣಗೆ ಉಸಿರೆಳೆದುಕೊಳ್ಳುತ್ತಿದ್ದಳು. ಮೂವತ್ತೊಂದರವಳು ಕೊನೆಯ ವಾಕ್ಯವನ್ನು ನಗು ತಡೆದುಕೊಂಡಂತೆ ಮುಗಿಸುತ್ತಿದ್ದಳು. ಅವನು ಒಂದಾದ ಮೇಲೆ ಒಂದನ್ನು, ಮತ್ತೆ ತಿರುಗಿಸಿ, ಕಣ್ಣು ಮುಚ್ಚಿ ಕೇಳಿದ. ಹೋಲಿಸಲು ಅವಳು ಆಡಿದ ಒಂದಾದರೂ ಮಾತನ್ನು ನೆನಪಿನಿಂದ ಎಳೆಯಲು ನೋಡಿದ. ಮಾತುಗಳು ಬಂದವು. ಆ ಅಜ್ಜ ಛತ್ರಿ ಹಿಡ್ಕೊಂಡು ಎಲ್ಲಿಗೆ ಹೋದ. ಮಗುಗೆ ಜ್ವರ, ಬೇಗ ಬನ್ನಿ. ನೀವೊಬ್ರು. ಒಂದೊಂದೂ ಸ್ಪಷ್ಟವಾಗಿ ಬಂತು. ಆದರೆ ಎಲ್ಲವೂ ಜೀರುಂಡೆಯ ಸದ್ದಿನಲ್ಲಿ ಬಂದವು.

ಜೀರುಂಡೆ ಎಂದು ಹೆಸರಿಟ್ಟದ್ದು ಮಗಳು. ಕುತ್ತಿಗೆಗೆ ಒತ್ತಿ ಹಿಡಿದರೆ ಗುಂಯ್ ಎಂದು ನಡುಗಿ, ಬಾಯಿಯ ಚಲನೆಯನ್ನು ಮಾತಾಗಿಸುವ, ಸಣ್ಣ ಟಾರ್ಚಿನಷ್ಟು ದೊಡ್ಡ ಯಂತ್ರ. ಅದಕ್ಕೆ ಒಂದೇ ಶ್ರುತಿ. ಅವಳು ಅದನ್ನು ಬೇಕೆಂದಾಗ ಮಾತ್ರ ಎತ್ತಿಕೊಳ್ಳುತ್ತಿದ್ದಳು. ಅವನನ್ನು ಕರೆಯಲು ಮೇಜಿನ ಮೇಲೆ ಎರಡು ಸಲ ಕುಟ್ಟುತ್ತಿದ್ದಳು. ಅದು ಹಿಂದಿನ "ರೀ"ಯ ಜಾಗದಲ್ಲಿ ಬಂದು ಕೂತಿತ್ತು.

ಆ ಸಂಜೆ ಅವನು ಎರಡೂ ಮುದ್ರಣಗಳನ್ನು ಉಗುರಿನಷ್ಟು ಸಣ್ಣ ಕಾರ್ಡಿಗೆ ಹಾಕಿ, ಊಟದ ಡಬ್ಬಿಯ ಮುಚ್ಚಳದ ರಬ್ಬರಿನೊಳಗೆ ಸಿಕ್ಕಿಸಿದ. ಗೇಟಿನಲ್ಲಿ ಕಾವಲಿನವನು ಜೇಬು ತಡವಿ, ಡಬ್ಬಿ ಅಲ್ಲಾಡಿಸಿ, "ಇವತ್ತೂ ಊಟ ಮಾಡಿಲ್ವಾ ಸಾರ್?" ಎಂದು ಹಿಂದಕ್ಕೆ ಕೊಟ್ಟ. ದಾರಿಯುದ್ದಕ್ಕೂ ಅವನು ಒಂದೇ ಸಮಾಧಾನ ಹೇಳಿಕೊಂಡ. ಗೊಂದಲವೇನಿದೆ? ಅವಳನ್ನೇ ಕೇಳಿದರಾಯಿತು. ಎರಡನ್ನೂ ಕೇಳಿಸಿ, ಇದರಲ್ಲಿ ನೀನು ಯಾರು ಎಂದು ಕೇಳುವುದು. ಅವಳು ಬೆರಳು ತೋರಿಸುತ್ತಾಳೆ. ಇನ್ನೊಂದನ್ನು ಒರೆಸಿಬಿಡುವುದು. ತನಗೆ ಗೊತ್ತಾಗಲಿಲ್ಲ ಎಂಬುದನ್ನೂ ಹೇಳಬೇಕಾಗುತ್ತದೆ, ನಿಜ. ಅವಳು ಒಂದು ದಿನ ಬೇಸರ ಮಾಡಿಕೊಳ್ಳಬಹುದು.

ಮನೆಯಲ್ಲಿ ಮಗಳು ಅಡುಗೆಮನೆಯ ಮೇಜಿನ ಮೇಲೆ ಪಾಠ ಓದುತ್ತಿದ್ದಳು. ಹೆಂಡತಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ, ತಪ್ಪಿದ ಕಡೆಯೆಲ್ಲ ಚಾಕುವಿನ ಹಿಡಿಯಿಂದ ಒಮ್ಮೆ ಕುಟ್ಟುತ್ತಿದ್ದಳು. ಮಗಳು ಹಿಂದೆ ಹೋಗಿ ಮತ್ತೆ ಓದುತ್ತಿದ್ದಳು.

"ಅಪ್ಪಾ, ನೋಡು ಅಮ್ಮನ್ನ. ಕಮಾಗೂ ಕುಟ್ತಾಳೆ."

ಹೆಂಡತಿ ಯಂತ್ರವನ್ನು ಕುತ್ತಿಗೆಗೆ ಹಿಡಿದಳು. "ಕಮಾ ನುಂಗಿದ್ರೆ ಹೊಟ್ಟೆ ನೋವು ಬರುತ್ತೆ."

"ಇದು ಬೈದಿದ್ದಾ, ತಮಾಷೆನಾ? ಜೀರುಂಡೆ ಕೇಳಿದ್ರೆ ಗೊತ್ತೇ ಆಗಲ್ಲ."

"ಎರಡೂ."

ಮಗಳು ನಕ್ಕಳು. ಆಮೇಲೆ ಪುಸ್ತಕದಿಂದ ತಲೆ ಎತ್ತದೆಯೇ, ತಿಂಗಳಿಗೊಮ್ಮೆ ಕೇಳುವುದನ್ನೇ ಕೇಳಿದಳು. "ಅಪ್ಪಾ, ಮುಂಚೆ ಅಮ್ಮನ ಧ್ವನಿ ಹೇಗಿತ್ತು?"

"ನಿನ್ನ ಥರಾನೇ ಇತ್ತು."

"ಯಾವಾಗ್ಲೂ ಇದೇ ಹೇಳ್ತೀಯ. ನಂದು ಚಿಕ್ಕದು. ಅಮ್ಮಂದು ಇನ್ನೂ ದೊಡ್ಡದಿರ್ಬೇಕಲ್ವಾ?"

"ದೊಡ್ಡದಿತ್ತು. ಆದ್ರೆ ನಿನ್ನ ಥರ."

ಮಗಳು ಹಲ್ಲುಜ್ಜಲು ಎದ್ದು ಹೋದ ಮೇಲೆ ಅವನು ಡಬ್ಬಿಯನ್ನು ತೊಳೆಯುವ ನೆಪದಲ್ಲಿ ನಲ್ಲಿಯ ಬಳಿ ನಿಂತ. ಮುಚ್ಚಳವನ್ನು ತೆಗೆಯಲಿಲ್ಲ. ಅವಳಿಗೆ ಬೆನ್ನು ಮಾಡಿಕೊಂಡೇ ಕೇಳಿದ.

"ಆಸ್ಪತ್ರೇಲಿ ಓದಿದ್ಯಲ್ಲ, ಅದು ಒಂದು ವೇಳೆ ಸಿಕ್ಕಿದ್ರೆ ಏನ್ಮಾಡ್ತೀಯ?"

ಸಿಪ್ಪೆ ತೆಗೆಯುವ ಸದ್ದು ನಿಂತಿತು. ಅವನು ತಿರುಗಿ ನೋಡಿದಾಗ ಅವಳು ಕೈ ಒರೆಸಿಕೊಳ್ಳುತ್ತಿದ್ದಳು, ಒಂದೊಂದೇ ಬೆರಳನ್ನು.

"ಯಾಕೆ ಈಗ?"

"ಸುಮ್ನೆ. ಪುಟ್ಟಿ ಕೇಳಿದ್ಲಲ್ಲ, ಅದಕ್ಕೆ."

"ಮೊದ್ಲು ನಿಮಗೆ ಕೇಳಿಸ್ತೀನಿ," ಎಂದಳು. "ಸರಿಯಾಗಿದೆಯಾ ಅಂತ ನೀವೇ ಹೇಳ್ಬೇಕು."

"ನಾನ್ಯಾಕೆ? ನಿನ್ನ ಧ್ವನಿ ನಿನಗೆ ಗೊತ್ತಿರಲ್ವಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಕತ್ತಿನ ತೂತಿಗೆ ಕಟ್ಟಿದ ಬಟ್ಟೆ ಉಸಿರಿಗೆ ಉಬ್ಬಿ ಇಳಿಯಿತು. "ಯಾರಿಗೂ ತಮ್ಮ ಧ್ವನಿ ಗೊತ್ತಿರಲ್ಲ. ಫೋನಲ್ಲಿ ಕೇಳ್ದಾಗಲೆಲ್ಲ ನಂಗೆ ಬೇರೆ ಯಾರೋ ಅನ್ಸೋದು. ಈಗಂತೂ ಮರೆತೇ ಹೋಗಿದೆ." ಯಂತ್ರವನ್ನು ಇಳಿಸಿ, ಮತ್ತೆ ಎತ್ತಿ ಹಿಡಿದಳು. "ಅದಕ್ಕೇ ಪುಟ್ಟಿ ನಿಮ್ಮನ್ನ ಕೇಳೋದು ನಂಗಿಷ್ಟ. ಅದು ಉಳ್ಕೊಂಡಿರೋದು ನಿಮ್ಮ ಕಿವೀಲಿ ಮಾತ್ರ ಅಲ್ವಾ. ಆಸ್ಪತ್ರೆಯವರು ಅಳಿಸಿದ್ರೆ ಅಳಿಸ್ಲಿ ಬಿಡಿ."

ಇಷ್ಟು ಉದ್ದದ ಮಾತನ್ನು ಅವಳು ಆಡಿ ತಿಂಗಳುಗಳಾಗಿದ್ದವು. ಹೇಳಿ ಮುಗಿಸಿ, ಅವಳು ಅವನ ಮುಖ ನೋಡಿ ಕಣ್ಣಲ್ಲೇ ನಕ್ಕಳು. ಅವನು ನಲ್ಲಿ ತಿರುಗಿಸಿದ. ನೀರು ಡಬ್ಬಿಯ ಮೇಲೆ ಬಿದ್ದು ಸಿಡಿಯಿತು. ಮುಚ್ಚಳವನ್ನು ಮಾತ್ರ ಅವನು ಒಣಗಿರುವಂತೆಯೇ ಪಕ್ಕಕ್ಕೆ ಎತ್ತಿಟ್ಟ.

ಹದಿನೇಳನ್ನೇ ಕೊಟ್ಟುಬಿಟ್ಟರೆ? ಬೆಳಿಗ್ಗೆ ಕೆಲಸಕ್ಕೆ ನಡೆಯುತ್ತ ಅವನು ಅದನ್ನೂ ಯೋಚಿಸಿದ. ಇದೇ ನಿನ್ನ ಧ್ವನಿ ಎಂದರೆ ಅವಳು ನಂಬುತ್ತಾಳೆ. ಮಗಳು ನಂಬುತ್ತಾಳೆ. ಆಮೇಲೆ ಪ್ರತಿ ಸಂಜೆ ಆ ಅಜ್ಜ ಅಡುಗೆಮನೆಯಲ್ಲಿ ಸೇತುವೆ ದಾಟುತ್ತಾನೆ. ದಾಟಿಸುವವಳು ಎಂದೋ ಸತ್ತುಹೋದ ಯಾರೋ ಆಗಿರಬಹುದು. ಅವಳ ಮಕ್ಕಳು ಇನ್ನೆಲ್ಲೋ ಕೂತು ತಮ್ಮ ಅಪ್ಪನನ್ನು ಇದೇ ಪ್ರಶ್ನೆ ಕೇಳುತ್ತಿರಬಹುದು. ತಪ್ಪಿ ಮೂವತ್ತೊಂದರವಳೇ ಇವಳಾಗಿದ್ದರೆ, ತಾನು ಇವಳನ್ನು ಕೈಯಾರೆ ಅಳಿಸಿ, ಇವಳ ಜಾಗದಲ್ಲಿ ಬೇರೊಬ್ಬಳನ್ನು ಕೂರಿಸಿದಂತಾಗುತ್ತದೆ. ಎರಡನ್ನೂ ಇಟ್ಟುಕೊಂಡರೆ ಎಂದಾದರೊಂದು ದಿನ ಅವಳ ಕೈಗೆ ಸಿಕ್ಕೀತು. ಎರಡು ಯಾಕಿವೆ ಎಂದು ಕೇಳದೆ ಇರುವಳೇ?

ಆಯ್ಕೆ ಇನ್ನೂ ಇತ್ತು. ಈಗಲೂ ತಿರುಗಿ ಹೋಗಿ ಹೇಳಬಹುದಿತ್ತು. ಬೀದಿಯ ಕೊನೆಯ ತಿರುವಿನಲ್ಲಿ ಅವನು ನಿಂತ. ಹಿಂದಿನಿಂದ ಬಂದ ಹೆಂಗಸೊಬ್ಬಳು ಅವನನ್ನು ದಾಟಿ ಹೋಗಲು ಚರಂಡಿಯ ಅಂಚಿಗೆ ಇಳಿಯಬೇಕಾಯಿತು. ಅವನು ಕ್ಷಮೆ ಕೇಳಿ, ಮುಂದೆ ನಡೆದ.

ಷೆಡ್ಡಿನಲ್ಲಿ ಅವನು ಕೆಂಪು ಚೀಟಿ ಬಿಚ್ಚಿದ. ಡಿಸ್ಕನ್ನು ಗೂಡಿಗೆ ತಳ್ಳಿದ. ಈ ಸಲ ಕೈ ತಾನಾಗಿ ಏನೂ ಮಾಡಲಿಲ್ಲ. ಚಿಲಕದ ಮೇಲೆ ಹೆಬ್ಬೆರಳು ಇಟ್ಟುಕೊಂಡು ಅವನು ಕಾಯಬೇಕಾಯಿತು. ಆಮೇಲೆ ಒತ್ತಿದ. ಮೂರು ಸಲ ಬರೆದು ಮುಗಿಯಲು ಸಂಜೆ ನಾಲ್ಕಾಗುತ್ತಿತ್ತು. ಅವನು ಬೇರೆ ಕೆಲಸಗಳನ್ನು ಮಾಡಿದ. ನೂರ ಹನ್ನೆರಡು ಜನ ಒಬ್ಬರ ಹಿಂದೆ ಒಬ್ಬರು ಹೋಗುತ್ತಿದ್ದಾಗ ದೀಪ ಒಂದೇ ಸಮನೆ ಮಿನುಗುತ್ತಿತ್ತು.

ಕಾರ್ಡನ್ನು ಸುತ್ತಿಗೆಯ ಮೇಜಿನ ಮೇಲಿಟ್ಟ.

"ಇದೇನೋ ಇದು, ಉಗುರಿನಷ್ಟಿದೆ! ಇದಕ್ಕೂ ನಾನು ಬೇಕಾ? ಹಲ್ಲಲ್ಲಿ ಕಚ್ಚಿ ಉಗಿದ್ರೆ ಮುಗೀತು."

"ಹಾಕಿಬಿಡು."

"ಯಾರದ್ದು?"

"ಯಾರದ್ದೋ."

ಸುತ್ತಿಗೆ ಅವನನ್ನು ಒಂದು ಗಳಿಗೆ ನೋಡಿದ. ಇನ್ನೇನೋ ಕೇಳಲು ಬಾಯಿ ತೆರೆದವನು, ಗೋಡೆಯ ಫಲಕದ ಮೂರನೆಯ ಸಾಲಿನ ಕಡೆ ಗದ್ದ ತೋರಿಸಿ, ಗುಂಡಿ ಒತ್ತಿದ. ದೊಡ್ಡ ಡಿಸ್ಕುಗಳು ಹೋಗುವಾಗ ನೆಲವೇ ನಡುಗುತ್ತಿತ್ತು. ಇದಕ್ಕೆ ಯಂತ್ರದ ಸದ್ದು ಬದಲಾಗಲೂ ಇಲ್ಲ.

ನಾಲ್ಕು ಗಂಟೆಗೆ ಅವನು ನಿಯಮದಂತೆ ಡಿಸ್ಕನ್ನು ಹತ್ತು ಕಡೆ ತೆರೆದು ನೋಡಿದ. ಪರದೆಯ ತುಂಬ ಸೊನ್ನೆಗಳು, ಸಾಲು ಸಾಲಾಗಿ, ಅಂಚಿನಿಂದ ಅಂಚಿಗೆ. ಪ್ರಮಾಣಪತ್ರ ಹೊರಬಂತು. ಈ ಸಾಧನದಲ್ಲಿದ್ದ ಯಾವುದನ್ನೂ ಯಾವ ವಿಧಾನದಿಂದಲೂ ಮರಳಿ ಪಡೆಯಲು ಸಾಧ್ಯವಿಲ್ಲವೆಂದು ದೃಢೀಕರಿಸುತ್ತೇನೆ. ಕೆಳಗೆ ಸಹಿ ಹಾಕಿದ. ಬೂದು ಪೆಟ್ಟಿಗೆ ಇನ್ನೂ ಮೂಲೆಯಲ್ಲಿತ್ತು. ಗುಜರಿಯವರು ಬರುವ ಮುಂಚೆ ಅವನು ಮೀನನ್ನು ಕೀಳಲು ನೋಡಿದ. ಅದು ಹರಿದು, ತಲೆಯಷ್ಟೇ ಬೆರಳಿಗೆ ಅಂಟಿಕೊಂಡಿತು.

ಸಂಜೆ ಬಾಗಿಲು ತೆರೆದಾಗ ಮಗಳ ಓದು ಕೇಳಿಸಿತು, ಬಿಡಿಸಿ ಬಿಡಿಸಿ, ಪ್ರತಿ ಕಮಾದಲ್ಲೂ ಬೇಕೆಂದೇ ಹೆಚ್ಚು ಹೊತ್ತು ನಿಲ್ಲುತ್ತ. ಹೆಂಡತಿ ಒಳಗಿನಿಂದ ಎರಡು ಸಲ ಕುಟ್ಟಿದಳು. ಅವನು ಚಪ್ಪಲಿ ಬಿಟ್ಟು ಒಳಗೆ ಹೋದ. ಅವಳು ಅವನಿಗೆ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಟ್ಟಳು.

"ಅಪ್ಪಾ, ನಾನು ಓದೋದು ಈಗ ಅಮ್ಮನ ಥರ ಇದೆಯಾ?"

"ಹೂಂ. ಹಾಗೇ ಇದೆ."

ಹೆಂಡತಿ ಮೇಜಿನಾಚೆಯಿಂದ ಅವನನ್ನೇ ನೋಡುತ್ತಿದ್ದಳು, ಸಂತೋಷದಿಂದ. ಆ ಧ್ವನಿ ತನ್ನ ಕಿವಿಯಲ್ಲೂ ಇಲ್ಲ ಎಂದು ಅವನು ಅವಳಿಗೆ ಯಾವತ್ತೂ ಹೇಳಲಿಲ್ಲ.